ಜೂನ್ ಒಂದರಂದು ಹುಟ್ಟಿದವರು

ಶಿವಮೊಗ್ಗ ಸೀಮೆಯಲ್ಲಿ ಅರವತ್ತು ದಾಟಿದ ಯಾರನ್ನಾದರೂ ಹುಟ್ಟಿದ ದಿನ ಯಾವುದೆಂದು ಕೇಳಿ ನೋಡಿ. ಬಹಳ ಸಲ ಎರಡು ಉತ್ತರ ಸಿಗುತ್ತದೆ. ಒಂದು ಕಾಗದದ ಉತ್ತರ, ಇನ್ನೊಂದು ಮನೆಯ ಉತ್ತರ. ಕಾಗದದ ಉತ್ತರ ಜೂನ್ 1 ಎಂದಿರುತ್ತದೆ. ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿರಲಿಲ್ಲ. ಮೇಷ್ಟ್ರು ಹುಡುಗನ ಬಲಗೈಯನ್ನು ತಲೆ ಮೇಲಿಂದ ಬಳಸಿ ಎಡಗಿವಿ ಮುಟ್ಟುತ್ತದೆಯೇ ಎಂದು ನೋಡಿ, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗುವಂತೆ ಜೂನ್ 1 ಎಂದು ಬರೆದುಕೊಂಡರು. ಅದರಲ್ಲಿ ಮೋಸದ ಉದ್ದೇಶವೇನೂ ಇರಲಿಲ್ಲ. ದಾಖಲೆಯ ಪುಸ್ತಕದಲ್ಲಿ ಒಂದು ಕಲಂ ಖಾಲಿ ಇತ್ತು, ಅದನ್ನು ತುಂಬಬೇಕಿತ್ತು, ಅಷ್ಟೇ.

ನನ್ನ ಪಿಎಚ್.ಡಿ. ಸಂಶೋಧನೆ ಭದ್ರಾವತಿಯ ಕಾರ್ಖಾನೆ ಕಾರ್ಮಿಕರ ಕುಟುಂಬಗಳ ಬಗ್ಗೆ. ಹಾಗಾಗಿ ಈ ಎರಡು ಉತ್ತರಗಳ ನಡುವೆ ದಿನವೂ ಓಡಾಡುತ್ತೇನೆ. ನ್ಯೂಟೌನಿನಲ್ಲಿ ನಾನು ಮಾತಾಡಿಸಿದ ನಿವೃತ್ತ ಕಾರ್ಮಿಕರೊಬ್ಬರ ವಿಷಯ ಹೇಳುತ್ತೇನೆ. ಅವರ ತಾಯಿ ಸಾಗರದ ಕಡೆಯವರು, ಅಕ್ಷರ ಕಲಿತವರಲ್ಲ. ಮಗ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಆ ತಾಯಿ ಹೇಳುತ್ತಿದ್ದದ್ದು ಇಷ್ಟು: ಖರ ಸಂವತ್ಸರ, ಕಾಗೋಡು ಗಲಾಟೆಯ ವರ್ಷ, ಆರಿದ್ರಾ ಮಳೆ ಹೊಡೆಯುತ್ತಿತ್ತು. ಈ ಮಾತನ್ನು ಬಿಡಿಸಿ ನೋಡೋಣ. ಖರ ಸಂವತ್ಸರ ಎಂದರೆ 1951ರ ಯುಗಾದಿಯಿಂದ 1952ರ ಯುಗಾದಿಯವರೆಗೆ. ಕಾಗೋಡು ಸತ್ಯಾಗ್ರಹ ಆರಂಭವಾದದ್ದು 1951ರ ಏಪ್ರಿಲ್‌ನಲ್ಲಿ. ಆರಿದ್ರಾ ಮಳೆ ಜೂನ್ ಕೊನೆಯ ವಾರ ಮತ್ತು ಜುಲೈ ಮೊದಲ ವಾರದ ಮಳೆ. ಅಂದರೆ ಆ ತಾಯಿಯ ನೆನಪು ಮಗನ ಹುಟ್ಟನ್ನು ಹದಿನಾಲ್ಕು ದಿನಗಳೊಳಗೆ ಹಿಡಿದಿಟ್ಟಿತ್ತು. ಶಾಲೆಯ ದಾಖಲೆಯಲ್ಲಿ ಅವರು ಹುಟ್ಟಿದ್ದು 1950ರ ಜೂನ್ 1. ಒಂದು ವರ್ಷ ಬೇಗ ಸೇರಿಸಿದ್ದರಿಂದ ಹಾಗೆ. ಆಧಾರ್ ಶಿಬಿರದಲ್ಲಿ ಕೇಳಿದಾಗ ಅವರು ಸುಮಾರು ಅರವತ್ತು ಎಂದರು, ಕಾರ್ಡಿನಲ್ಲಿ 1951ರ ಜನವರಿ 1 ಎಂದು ಬಂತು. ಎರಡು ದಾಖಲೆಯೂ ದಿನ ಸಮೇತ ಖಚಿತ, ಎರಡೂ ತಪ್ಪು. ದಿನ ಹೇಳದ ತಾಯಿಯ ಮಾತೊಂದೇ ಸರಿ.

ಇದು ಬರೀ ತಮಾಷೆಯ ಸಂಗತಿಯಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಎರಡು ದಾಖಲೆಗಳ ತಾರೀಖು ಹೊಂದುವುದಿಲ್ಲ ಎಂದು ಒಂದು ಕಚೇರಿಯಲ್ಲಿ ಅವರ ಪಿಂಚಣಿ ಏಳು ತಿಂಗಳು ನಿಂತಿತ್ತು. "ನಾನು ಹುಟ್ಟಿದ್ದಂತೂ ಸುಳ್ಳಲ್ಲವಲ್ಲ ಮಗಾ, ಅವರ ಎದುರಿಗೇ ಕೂತಿದ್ದೆ" ಎಂದು ನನ್ನ ಬಳಿ ಹೇಳಿದರು. ಎದುರಿಗೆ ಕೂತ ಮನುಷ್ಯನಿಗಿಂತ ಪರದೆಯ ಮೇಲಿನ ತಾರೀಖು ಹೆಚ್ಚು ನಿಜವಾಗುವುದು ಹೇಗೆ? ತನ್ನ ಬಗೆಗಿನ ಒಂದು ಸಂಗತಿಯನ್ನು ಹೇಳುವ ಅಧಿಕಾರ ಯಾರದ್ದು? ಇದು ಕಂಪ್ಯೂಟರಿನ ಪ್ರಶ್ನೆ ಎಷ್ಟೋ ವ್ಯಕ್ತಿಸ್ವಾತಂತ್ರ್ಯದ ಪ್ರಶ್ನೆಯೂ ಅಷ್ಟೇ ಎಂದು ನನಗೆ ಅನ್ನಿಸತೊಡಗಿದ್ದು ಅಲ್ಲಿಂದ.

ಮೊದಲು ಕಂಪ್ಯೂಟರಿನ ಕಡೆ ನೋಡೋಣ. ತಾರೀಖನ್ನು ಎಷ್ಟು ಜಾಗದಲ್ಲಿ ಇಡಬೇಕು ಎಂಬುದು ಹಳೆಯ ತಲೆನೋವು. 80 ಕಾಲಂಗಳ ತೂತು ಕಾರ್ಡುಗಳ ಕಾಲದಲ್ಲಿ ಒಂದೊಂದು ಅಂಕಿಯ ಜಾಗವೂ ದುಬಾರಿ. ಹಾಗಾಗಿ 1951 ಎನ್ನುವ ಬದಲು 51 ಎಂದು ಬರೆದು ಎರಡು ಅಂಕಿ ಉಳಿಸಿದರು. ಆ ಉಳಿತಾಯದ ಬಡ್ಡಿಯನ್ನು ಜಗತ್ತು 1999ರಲ್ಲಿ ಕಟ್ಟಿತು. ವೈಟುಕೆ ಎಂದು ಹೆಸರಾದ ಆ ದೋಷವನ್ನು ಸರಿಪಡಿಸುವ ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಬೆಳವಣಿಗೆಗೆ ನೆರವಾಯಿತು. ಭಾರೀ ಅನಾಹುತವೇನೂ ಆಗಲಿಲ್ಲ ಎಂದು ಈಗ ಹಗುರವಾಗಿ ಹೇಳುತ್ತೇವೆ. ಆದರೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಗರ್ಭಿಣಿಯರ ಡೌನ್ ಸಿಂಡ್ರೋಮ್ ತಪಾಸಣೆಯ ಕಂಪ್ಯೂಟರ್ 2000ದಲ್ಲಿ ತಾಯಂದಿರ ವಯಸ್ಸನ್ನೇ ತಪ್ಪಾಗಿ ಲೆಕ್ಕ ಹಾಕಿತು. 150ಕ್ಕೂ ಹೆಚ್ಚು ಮಹಿಳೆಯರಿಗೆ ತಪ್ಪು ಫಲಿತಾಂಶ ಹೋಯಿತು. ಹೆರಬೇಕೇ ಬೇಡವೇ ಎನ್ನುವಂಥ, ಬದುಕಿನ ಅತ್ಯಂತ ಖಾಸಗಿ ತೀರ್ಮಾನಕ್ಕೆ ಆಧಾರವಾಗಬೇಕಿದ್ದ ಅಂಕಿಯೇ ಸುಳ್ಳಾಗಿತ್ತು.

ಮುಂದಿನ ಗಡುವು 2038. ಯೂನಿಕ್ಸ್ ಬಗೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತ ಕಾಲವನ್ನು ಹಿಡಿದಿಡುತ್ತವೆ. ಆ ಎಣಿಕೆಗೆ 32 ಬಿಟ್ ಜಾಗ ಮಾತ್ರ ಕೊಟ್ಟಿರುವ ಹಳೆಯ ಯಂತ್ರಗಳಲ್ಲಿ 2,147,483,647ರ ಆಚೆಗೆ ಅಂಕಿ ಹಿಡಿಸುವುದಿಲ್ಲ. ನಮ್ಮ ಸಮಯದಲ್ಲಿ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಪಾತ್ರೆ ತುಂಬುತ್ತದೆ. ಸರಿಪಡಿಸದ ಯಂತ್ರ ಮರುಕ್ಷಣವೇ 1901ರ ಡಿಸೆಂಬರ್‌ಗೆ ಜಾರುತ್ತದೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಎಕ್ಸೆಲ್ ಇನ್ನೂ ಹತ್ತಿರದ ಉದಾಹರಣೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸ್ಥಾಪನೆಯಾದದ್ದು 1918ರಲ್ಲಿ, ಉತ್ಪಾದನೆ ಶುರುವಾದದ್ದು 1923ರಲ್ಲಿ. ಆಗ ಮೂವತ್ತು ವರ್ಷದವನಾಗಿದ್ದ ಕೂಲಿ 1893ರ ಸುಮಾರಿಗೆ ಹುಟ್ಟಿದವನು. ಎಕ್ಸೆಲ್‌ನ ಲೆಕ್ಕದಲ್ಲಿ ಕಾಲ ಶುರುವಾಗುವುದೇ 1900ರ ಜನವರಿ 1ರಿಂದ. ಅದಕ್ಕಿಂತ ಹಿಂದೆ ಹುಟ್ಟಿದವನ ತಾರೀಖು ಅದಕ್ಕೆ ತಾರೀಖೇ ಅಲ್ಲ, ಬರೀ ಅಕ್ಷರ. ಅವನ ವಯಸ್ಸನ್ನು ಕೂಡಿ ಕಳೆಯಲು ಅದು ಒಪ್ಪುವುದಿಲ್ಲ. ಅದೇ ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಎಂಬ ದಿನ ಇದೆ. 1900 ಅಧಿಕ ವರ್ಷವಲ್ಲ, ಆ ದಿನ ಜಗತ್ತಿನಲ್ಲಿ ಬರಲೇ ಇಲ್ಲ. ಹಿಂದಿನ ಲೋಟಸ್ 1-2-3 ತಂತ್ರಾಂಶದಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೇ ಉಳಿಸಿಕೊಂಡರು. ಬಾರದ ದಿನಕ್ಕೆ ಅಲ್ಲಿ ಜಾಗ ಇದೆ, ಬಂದು ಬದುಕಿ ಕುಲುಮೆಯ ಮುಂದೆ ಬೆಂದವನಿಗೆ ಇಲ್ಲ.

ಜಾಗ ಸಾಲದ ಈ ಸಮಸ್ಯೆಯನ್ನು ನಮ್ಮ ಹಿಂದಿನವರೂ ಎದುರಿಸಿದ್ದರು. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರ ಒಂದು ರೀತಿಯಲ್ಲಿ ಎರಡು ಅಂಕಿಯ ವರ್ಷದಂತೆಯೇ. ಅರವತ್ತು ಮುಗಿದ ಮೇಲೆ ಮತ್ತೆ ಮೊದಲಿಗೆ ಬರುತ್ತದೆ. ಖರ ಎಂದರೆ 1951 ಇರಬಹುದು, 1891 ಇರಬಹುದು, 2011 ಇರಬಹುದು. ಆದರೆ ಶಾಸನ ಬರೆಸಿದವರಿಗೆ ಈ ತೊಡಕು ಗೊತ್ತಿತ್ತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೆ ಮೀಸಲು. ಅವನ್ನು ತಿರುವಿದರೆ ಒಂದು ಪದ್ಧತಿ ಮತ್ತೆ ಮತ್ತೆ ಕಾಣುತ್ತದೆ: ಶಕವರ್ಷ, ಜೊತೆಗೆ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಕೆಲವು ಕಡೆ ಸಂಕ್ರಮಣ ಅಥವಾ ಗ್ರಹಣ. ಒಂದೇ ದಿನವನ್ನು ಐದಾರು ದಾರಿಯಲ್ಲಿ ಹೇಳುವ ಕ್ರಮ ಇದು. ಒಂದು ದಾರಿ ತಪ್ಪಿದ್ದರೆ ಇನ್ನೊಂದು ಹಿಡಿದುಕೊಡುತ್ತದೆ. ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗದ ಶಾಸನವನ್ನು ವಿದ್ವಾಂಸರು ತಿರಸ್ಕರಿಸುವುದಿಲ್ಲ. ಎಲ್ಲಿ ತಪ್ಪಿದೆ ಎಂದು ಕೂತು ಲೆಕ್ಕ ಹಾಕುತ್ತಾರೆ. ಕಲ್ಲಿಗೆ ಸಿಗುವ ಈ ಸೌಜನ್ಯ ಪಿಂಚಣಿ ಕೇಳಲು ಬಂದ ಮನುಷ್ಯನಿಗೆ ಸಿಗಲಿಲ್ಲ.

ಎಣಿಕೆ ಎಲ್ಲಿಂದ ಶುರುವಾಗಬೇಕು ಎಂಬುದರಲ್ಲಿ ಅಧಿಕಾರದ ಮಾತೂ ಇದೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಜಾರಿಗೆ ತಂದ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳಲ್ಲಿ ಆ ಎಣಿಕೆ ಕಾಣುತ್ತದೆ. ತನ್ನ ಪಟ್ಟದಿಂದಲೇ ಕಾಲ ಶುರುವಾಗಲಿ ಎನ್ನುವುದು ರಾಜನ ಆಜ್ಞೆ. 1970ರಿಂದ ಕಾಲ ಶುರುವಾಗಲಿ ಎನ್ನುವುದು ಎಂಜಿನಿಯರುಗಳ ಅನುಕೂಲ. ಎರಡನ್ನೂ ಉಳಿದವರು ಒಪ್ಪಿಕೊಂಡು ಬದುಕಬೇಕು.

ವಿಕ್ರಮ ವರ್ಷ ಶುರುವಾದದ್ದು ನಳ ಸಂವತ್ಸರದಲ್ಲಿ. ಅಲ್ಲಿಂದ ಸರಿಯಾಗಿ 15 ಚಕ್ರ, ಅಂದರೆ 900 ವರ್ಷ ಕಳೆದರೆ 1976ರ ನಳ ಸಂವತ್ಸರ. ಆ ವರ್ಷ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಡಿಎಂ ಜಬಲ್ಪುರ ಪ್ರಕರಣದ ತೀರ್ಪು ಕೊಟ್ಟಿತು. ಇಲ್ಲಿಂದ ನಾವು ಸ್ವಾತಂತ್ರ್ಯದ ಕಡೆಗೆ ತಿರುಗಬಹುದು.

ವ್ಯಕ್ತಿಸ್ವಾತಂತ್ರ್ಯ ಎಂದ ಕೂಡಲೇ ಜಾನ್ ಸ್ಟುವರ್ಟ್ ಮಿಲ್ ನೆನಪಾಗುತ್ತಾನೆ. ಇನ್ನೊಬ್ಬರಿಗೆ ಹಾನಿಯಾಗದ ಹೊರತು ವ್ಯಕ್ತಿಯ ಮೇಲೆ ಬಲ ಪ್ರಯೋಗಿಸಬಾರದು ಎಂಬ ಅವನ ತತ್ವವನ್ನು ತರಗತಿಗಳಲ್ಲಿ ಓದುತ್ತೇವೆ. ಅವನ ಹೊಟ್ಟೆಪಾಡಿನ ಕೆಲಸ ಏನಾಗಿತ್ತು ಎಂಬುದನ್ನು ಅಷ್ಟಾಗಿ ಓದುವುದಿಲ್ಲ. ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಭಾರತದಿಂದ ಹೋದ ಕಾಗದಗಳನ್ನು ಓದಿ ಉತ್ತರದ ಕರಡು ಬರೆಯುವುದು ಅವನ ಕೆಲಸ. ನಮ್ಮ ನಗರ ಸೀಮೆಯ ರೈತರು 1830ರಲ್ಲಿ ದಂಗೆ ಎದ್ದು, ಅದೇ ನೆಪವಾಗಿ 1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿ ತನ್ನ ಕೈಗೆ ತೆಗೆದುಕೊಂಡಾಗ ಮಿಲ್ ಆ ಕಚೇರಿಯಲ್ಲೇ ಇದ್ದ. ಭಾರತದ ಆಡಳಿತ ಪೂರ್ತಿ ಬರವಣಿಗೆಯಲ್ಲೇ ನಡೆಯುತ್ತದೆ, ಅದೇ ಅದರ ಒಳ್ಳೆಯ ಗುಣ ಎಂಬರ್ಥದ ಸಾಕ್ಷ್ಯವನ್ನು ಅವನು 1852ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹೇಳಿದ. ಏಳು ವರ್ಷದ ನಂತರ ಬಂದ 'ಆನ್ ಲಿಬರ್ಟಿ'ಯಲ್ಲಿ, ಈ ತತ್ವ ಹಿಂದುಳಿದ ಸಮಾಜಗಳಿಗೆ ಅನ್ವಯಿಸುವುದಿಲ್ಲ ಎಂದೂ ಬರೆದ. ಅಂದರೆ ನಮ್ಮವರು ಅವನಿಗೆ ದಾಖಲೆಯಲ್ಲಿ ಇದ್ದರು, ಸ್ವಾತಂತ್ರ್ಯದ ಲೆಕ್ಕದಲ್ಲಿ ಇರಲಿಲ್ಲ. ದಾಖಲೆ ಮತ್ತು ಸ್ವಾತಂತ್ರ್ಯ ಒಟ್ಟಿಗೆ ಬೆಳೆಯುತ್ತವೆ ಎಂದು ತಾನಾಗಿ ನಂಬಿಕೊಳ್ಳಬಾರದು ಎನ್ನುವುದಕ್ಕೆ ಮಿಲ್ಲನ ಬದುಕೇ ಸಾಕ್ಷಿ.

ಹಾಗೆಂದು ದಾಖಲೆ ಸ್ವಾತಂತ್ರ್ಯದ ಶತ್ರು ಎಂದೂ ಹೇಳಲಾಗದು. ಕಾನೂನಿನಲ್ಲಿ ಸ್ವಾತಂತ್ರ್ಯ ಇರುವುದೇ ದಿನಗಳ ಎಣಿಕೆಯಲ್ಲಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಸದಿದ್ದರೆ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಈ ಎಣಿಕೆಯಲ್ಲಿ ರಿಮಾಂಡಿಗೆ ಕಳಿಸಿದ ದಿನ ಸೇರುತ್ತದೆಯೇ ಇಲ್ಲವೇ ಎಂಬುದರ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪುಗಳೇ ಎರಡು ದಿಕ್ಕಿನಲ್ಲಿದ್ದವು. ಕೊನೆಗೆ 2023ರಲ್ಲಿ, ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಇದ್ದ ಮೂವರ ಪೀಠ, ಆ ದಿನವೂ ಸೇರುತ್ತದೆ ಎಂದು ತೀರ್ಮಾನಿಸಿತು. ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಬೇಕೋ ಒಂದರಿಂದಲೋ ಎಂದು ಪ್ರೋಗ್ರಾಮರುಗಳು ಎಡವುವ ಜಾಗ ಇದೇ. ಅಲ್ಲಿ ಒಂದು ತಪ್ಪಿದರೆ ಪಟ್ಟಿಯ ಒಂದು ಸಾಲು ಬಿಟ್ಟುಹೋಗುತ್ತದೆ, ಇಲ್ಲಿ ಒಬ್ಬನ ಬಿಡುಗಡೆ. ಅಮೆರಿಕದ ಅರಿಝೋನಾದಲ್ಲಿ ಹೊಸ ಕಾನೂನಿನ ಪ್ರಕಾರ ಬಿಡುಗಡೆಯ ದಿನ ಲೆಕ್ಕ ಹಾಕಲು ಜೈಲಿನ ತಂತ್ರಾಂಶಕ್ಕೆ ಬರುತ್ತಿಲ್ಲ, ಅರ್ಹತೆಯಿದ್ದ ಕೈದಿಗಳು ಒಳಗೇ ಉಳಿದಿದ್ದಾರೆ ಎಂಬುದು 2021ರಲ್ಲಿ ಬಯಲಾಯಿತು. ಯಾರೂ ಅವರನ್ನು ಹಟದಿಂದ ಹಿಡಿದಿಡಲಿಲ್ಲ. ಲೆಕ್ಕ ಬಾರದ್ದಷ್ಟೇ ಕಾರಣ.

ಎಣಿಕೆಯೇ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ನಾವು ತುರ್ತು ಪರಿಸ್ಥಿತಿಯಲ್ಲಿ ನೋಡಿದೆವು. 1975ರ ಜೂನ್ 25ರ ರಾತ್ರಿ ಅದು ಘೋಷಣೆಯಾದಾಗ ಪಂಚಾಂಗದಲ್ಲಿ ರಾಕ್ಷಸ ಸಂವತ್ಸರ. ಮರುದಿನ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿತರಾದರು. ಬಂಧನವನ್ನು ಪ್ರಶ್ನಿಸುವ ಅರ್ಜಿಗಳನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆದರೆ 1976ರ ಆ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತು ಪರಿಸ್ಥಿತಿ ಇರುವವರೆಗೆ ಆ ಬಾಗಿಲು ಮುಚ್ಚಿದೆ ಎಂದರು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು.

ಆ ತೀರ್ಪು ಬಿದ್ದುಹೋದದ್ದು 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದಾಗ. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಗಮನಿಸಬೇಕಾದ್ದು ಇದು: ಕಂಪ್ಯೂಟರಿನಲ್ಲಿ ವ್ಯಕ್ತಿಯ ವಿವರ ಕೂಡಿಡುವುದರ ಮೇಲಿನ ವಾದವೇ ನಲವತ್ತೊಂದು ವರ್ಷ ಹಳೆಯದಾದ ಜೈಲಿನ ತೀರ್ಪನ್ನು ಕೆಡವಿತು. ದಾಖಲೆ ಮತ್ತು ದೇಹ ಅಷ್ಟು ಹತ್ತಿರ. 2018ರಲ್ಲಿ ಬಹುಮತದ ತೀರ್ಪು ಆಧಾರ್ ಅನ್ನು ಹಲವು ಮಿತಿಗಳೊಂದಿಗೆ ಉಳಿಸಿತು.

ಖಾಸಗಿತನದ ಚರ್ಚೆಯಲ್ಲಿ ನಾವು ಹೆಚ್ಚಾಗಿ ಕೇಳುವುದು ನನ್ನ ವಿವರ ಯಾರು ನೋಡುತ್ತಾರೆ ಎಂದು. ನ್ಯೂಟೌನಿನ ಆ ಹಿರಿಯರ ಪ್ರಶ್ನೆ ಬೇರೆ. ನೋಡಿಕೊಳ್ಳಲಿ, ಆದರೆ ಅದರಲ್ಲಿ ಇರುವುದು ನಾನೇ ಹೌದೋ? ಐಸಾಯಾ ಬರ್ಲಿನ್ 1958ರ ತನ್ನ ಉಪನ್ಯಾಸದಲ್ಲಿ ಎರಡು ಬಗೆಯ ಸ್ವಾತಂತ್ರ್ಯ ಗುರುತಿಸಿದ: ಬೇರೆಯವರ ಅಡ್ಡಿ ಇಲ್ಲದಿರುವುದು ಒಂದು, ತನಗೆ ತಾನೇ ಒಡೆಯನಾಗಿರುವುದು ಇನ್ನೊಂದು. ಈ ಹಿರಿಯರನ್ನು ಯಾರೂ ತಡೆದಿಲ್ಲ, ಬೈದಿಲ್ಲ, ಕೂಡಿಹಾಕಿಲ್ಲ. ಆದರೂ ತನ್ನ ಹುಟ್ಟಿನ ಬಗ್ಗೆ ತಾನು ಆಡುವ ಮಾತಿಗೆ ಬೆಲೆ ಇಲ್ಲ ಎಂದಾದಾಗ ಒಡೆತನ ಕೈಬಿಟ್ಟಿತು. ಆಧಾರ್‌ನಲ್ಲಿ ಹುಟ್ಟಿದ ದಿನವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಬಹುದು, ತಿದ್ದಲು ಕಾಗದ ಬೇಕು. ಆ ಕಾಗದ ಶಾಲೆಯದ್ದು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿನ ನಿರ್ಧಾರಕ್ಕೆ ಆಧಾರ್‌ಗಿಂತ ಶಾಲೆಯ ವರ್ಗಾವಣೆ ಪತ್ರವೇ ಮೇಲು ಎಂದು ಹೇಳಿತು. ಕಾನೂನಿನ ದೃಷ್ಟಿಯಲ್ಲಿ ಸರಿಯೇ. ನಮ್ಮ ಕಡೆಯ ಹಿರಿಯರಿಗೆ ಮಾತ್ರ ಇದು ಜನವರಿ 1ರಿಂದ ಪಾರಾಗಿ ಜೂನ್ 1ರ ಕೈಗೆ ಬಿದ್ದಂತೆ.

ಸರ್ಕಾರದ ಕಡೆಯ ವಾದವನ್ನೂ ಕೇಳಬೇಕು. ತಾರೀಖು ಸ್ಥಿರವಾಗಿರುವುದು ದುರ್ಬಲರನ್ನೂ ಕಾಪಾಡುತ್ತದೆ. ಬಾಲ್ಯವಿವಾಹ ತಡೆಯುವುದು, ಮಗುವನ್ನು ಕಾರ್ಖಾನೆಯಿಂದ ಬಿಡಿಸುವುದು, ಹದಿನೇಳರ ಹುಡುಗನನ್ನು ದೊಡ್ಡವರ ಜೈಲಿಗೆ ಕಳಿಸದಿರುವುದು, ಎಲ್ಲವೂ ಹುಟ್ಟಿದ ದಿನದ ಮೇಲೆ ನಿಂತಿವೆ. ಪ್ರತಿಯೊಬ್ಬರೂ ಮನಸ್ಸಿಗೆ ಬಂದ ವಯಸ್ಸು ಹೇಳುವಂತಾದರೆ ನಿವೃತ್ತಿಯ ಹಿಂದಿನ ದಿನ ಎಲ್ಲರೂ ಕಿರಿಯರಾಗುತ್ತಾರೆ. ಅದಕ್ಕೇ ಕರ್ನಾಟಕದಲ್ಲಿ 1974ರಲ್ಲೇ ಸರ್ಕಾರಿ ನೌಕರರ ವಯಸ್ಸಿನ ನಿರ್ಧಾರಕ್ಕೆ ಪ್ರತ್ಯೇಕ ಕಾಯ್ದೆ ಬಂತು. ತಿದ್ದುಪಡಿ ಕೇಳಲು ಕೆಲಸಕ್ಕೆ ಸೇರಿದವರಿಗೆ ಮೂರು ವರ್ಷದ ಮಿತಿ. 1984ರಲ್ಲಿ ಕೆಲಸಕ್ಕೆ ಸೇರಿದ್ದ ರಾಜ್ಯದ ಒಂದು ನಿಗಮದ ನೌಕರರು ತಾನು ಹುಟ್ಟಿದ್ದು 1960ರಲ್ಲಲ್ಲ, 1961ರಲ್ಲಿ ಎಂದು ಬಹಳ ತಡವಾಗಿ ಕೋರ್ಟಿಗೆ ಹೋದಾಗ, ತಾರೀಖಿನ ಬದಲಾವಣೆಯನ್ನು ಹಕ್ಕಾಗಿ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಈ ವಾದದಲ್ಲಿ ತೂಕವಿದೆ. ಆದರೆ ಇದು ಸಮರ್ಥಿಸುವುದು ತಾರೀಖನ್ನು ಸುಲಭವಾಗಿ ಬದಲಿಸಬಾರದು ಎಂಬುದನ್ನು ಮಾತ್ರ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದುಕೊಳ್ಳುವುದಕ್ಕೆ ಇದರಲ್ಲಿ ಸಮರ್ಥನೆ ಇಲ್ಲ.

ಇಲ್ಲಿ ಕಾಗೋಡು ಮತ್ತೆ ಎದುರಾಗುತ್ತದೆ. 1951ರ ಆ ಹೋರಾಟದ ನಡುವೆ ಇದ್ದದ್ದು ಒಂದು ಅಳತೆಯ ಪಾತ್ರೆ, ಕೊಳಗ. ಗೇಣಿ ಅಳೆಯುವಾಗ ಒಡೆಯರು ರೂಢಿಯ ಕೊಳಗಕ್ಕಿಂತ ದೊಡ್ಡ ಕೊಳಗ ಬಳಸುತ್ತಿದ್ದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಜೊತೆ ನಿಂತ ಗೇಣಿದಾರರು ಅಳತೆ ಸರಿಯಿರಲಿ ಎಂದರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಭತ್ತ ಕೊಡುವುದಿಲ್ಲ ಎಂಬುದು ಮೊದಲ ಮಾತಾಗಿರಲಿಲ್ಲ. ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ, ಅದರ ಗಾತ್ರ ಯಾರು ಗೊತ್ತುಮಾಡುತ್ತಾರೆ ಎಂಬುದು ಮೊದಲ ಮಾತು. ಆ ಪ್ರಶ್ನೆ ಬೆಳೆದು ಒಡೆತನದ ಪ್ರಶ್ನೆಯಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ 1974ರ ಮಾರ್ಚ್ 1 ಎಂಬ ದಿನಕ್ಕೆ ಉಳುಮೆಯಲ್ಲಿದ್ದ ಗೇಣಿದಾರರಿಗೆ ಭೂಮಿಯ ಮೇಲೆ ಹಕ್ಕು ಕೇಳುವ ದಾರಿ ತೆರೆಯಿತು. ಒಂದು ತಾರೀಖು ಸಾವಿರಾರು ಜನರನ್ನು ಬಿಡಿಸಿದ್ದನ್ನೂ ಇದೇ ಜಿಲ್ಲೆ ಕಂಡಿದೆ.

ದತ್ತಾಂಶದ ಕಲಂ ಈ ಕಾಲದ ಕೊಳಗ. ಅದರ ಗಾತ್ರ ಬದಲಿಸುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಅಂದಾಜು ದಿನಾಂಕವನ್ನು ಅಂದಾಜು ಎಂದೇ ಬರೆದಿಡುವ ಅಂತರರಾಷ್ಟ್ರೀಯ ಮಾನದಂಡ 2019ರಿಂದ ಇದೆ; 1951ರ ಮುಂದೆ ಒಂದು ಚಿಹ್ನೆ ಹಾಕಿದರೆ ಸುಮಾರು 1951 ಎಂದು ಯಂತ್ರವೂ ಓದುತ್ತದೆ. ಗ್ರಂಥಾಲಯಗಳು ಹಳೆಯ ಪುಸ್ತಕಕ್ಕೆ ಈ ಅವಕಾಶ ಕೊಡುತ್ತವೆ. ಆಧಾರ್ ದತ್ತಾಂಶದಲ್ಲೂ ದೃಢಪಟ್ಟದ್ದು, ಹೇಳಿದ್ದು, ಅಂದಾಜಿನದ್ದು ಎಂಬ ಮೂರು ವರ್ಗಗಳಿವೆ. ಆದರೆ ಕೌಂಟರಿನ ಪರದೆಗೆ ಬರುವ ಹೊತ್ತಿಗೆ ಅಂದಾಜು ಎಂಬ ಮಾತು ಉದುರಿಹೋಗಿ ಜನವರಿ 1 ಮಾತ್ರ ಉಳಿಯುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಆಧಾರ ಎಂದು ಕಾನೂನಾಗಿದೆ. ಆ ಮಕ್ಕಳಿಗೆ ಈ ತಾಪತ್ರಯ ಇರಲಾರದು. ಅವರ ಅಜ್ಜ ಅಜ್ಜಿಯರಿಗೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ಇರುತ್ತದೆ.

2038ರ ಜನವರಿಯೊಳಗೆ ಜಗತ್ತಿನ ಎಂಜಿನಿಯರುಗಳು 32 ಬಿಟ್ಟಿನ ಪಾತ್ರೆಯನ್ನು 64ಕ್ಕೆ ಹಿಗ್ಗಿಸಿರುತ್ತಾರೆ ಎಂದು ನಂಬೋಣ. ಆಗ ಯಂತ್ರದ ಕಾಲ ಸೂರ್ಯನ ಆಯುಸ್ಸಿಗಿಂತ ಉದ್ದವಾಗುತ್ತದೆ. ಅಷ್ಟು ದೊಡ್ಡ ಪಾತ್ರೆಯಲ್ಲಿ ಖರ ಸಂವತ್ಸರದ ಆರಿದ್ರಾ ಮಳೆಗೂ ಒಂದಿಷ್ಟು ಜಾಗ ಮಾಡುವುದು ಎಂಜಿನಿಯರುಗಳ ಕೆಲಸವಲ್ಲ. ಅದನ್ನು ಕೇಳಬೇಕಾದವರು ನಾವು, ಗೇಣಿದಾರರು ಕೊಳಗವನ್ನು ಕೇಳಿದ ಹಾಗೆ.